ಹಿಡಿದರೆ ಇಂಧನ, ಬಿಟ್ಟರೆ ತಾಪ

2022ರ ಆಗಸ್ಟಿನಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಲ್ಕು ನಗರಗಳನ್ನು ಆರಿಸಿಕೊಂಡಿತ್ತು: ದೆಹಲಿ, ಮುಂಬಯಿ, ಲಾಹೋರ್, ಬ್ಯೂನಸ್ ಐರಿಸ್. ಉಪಗ್ರಹಗಳು ಮೇಲಿನಿಂದ ಅಳೆದು ನೋಡಿದಾಗ ಈ ನಗರಗಳಿಂದ ಹೊರಬೀಳುತ್ತಿದ್ದ ಮೀಥೇನ್ ಅನಿಲ, ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂದಾಜುಪಟ್ಟಿಗಳು ಹೇಳುವುದಕ್ಕಿಂತ 1.4ರಿಂದ 2.6 ಪಟ್ಟು ಹೆಚ್ಚಿತ್ತು. ಅದರಲ್ಲಿ ಶೇ 6ರಿಂದ 50ರಷ್ಟು ಪಾಲು ಊರಾಚೆಯ ಕಸದ ಬೆಟ್ಟಗಳದ್ದು. ಎಲ್ಲೋ ಒಂದು ಮೂಲೆಗೆ ಸುರಿದು ಬಂದರೆ ಮುಗಿಯಿತು ಎಂದುಕೊಂಡ ಕಸ ಆಕಾಶದಿಂದ ನೋಡಿದರೂ ಕಾಣುವಷ್ಟು ಅನಿಲವನ್ನು ಬಿಡುತ್ತಿದೆ.

ಇದೇ ಮೀಥೇನನ್ನು ನಾವು ಸಿಎನ್‌ಜಿ ಬಂಕಿನಲ್ಲಿ ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟು ತುಂಬಿಸಿಕೊಳ್ಳುತ್ತೇವೆ. ಕತಾರ್ ಮುಂತಾದ ದೇಶಗಳಿಂದ ದ್ರವ ಮಾಡಿ ಹಡಗಿನಲ್ಲಿ ತರಿಸಿಕೊಳ್ಳುವ ನೈಸರ್ಗಿಕ ಅನಿಲದಲ್ಲಿ ಬಹುಪಾಲು ಇರುವುದೂ ಇದೇ. ಒಂದು ಕಡೆ ಕೊಳ್ಳುತ್ತೇವೆ, ಇನ್ನೊಂದು ಕಡೆ ಚೆಲ್ಲುತ್ತೇವೆ. ಹಾಗಾದರೆ ಚೆಲ್ಲುವುದನ್ನೇ ಹಿಡಿದು ಉರಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಹಳೆಯದು, ನಮ್ಮ ಹಳ್ಳಿಗಳಲ್ಲಿ ‘ಗೊಬ್ಬರ ಗ್ಯಾಸ್’ ಎಂದು ಕರೆಸಿಕೊಳ್ಳುವಷ್ಟು ಪರಿಚಿತ. ಆದರೂ ಅದು ಎಲ್ಲ ಕಡೆ ಗೆದ್ದಿಲ್ಲ. ಮೀಥೇನ್ ಹುಟ್ಟಿಸುವುದು ಕಷ್ಟವೇನಲ್ಲ, ಸೂಕ್ಷ್ಮಜೀವಿಗಳು ಆ ಕೆಲಸವನ್ನು ನಾವು ಕೇಳದೆಯೂ ಮಾಡುತ್ತವೆ. ಹುಟ್ಟಿದ್ದನ್ನು ಸೋರದಂತೆ ಹಿಡಿದು, ಪೂರ್ತಿಯಾಗಿ ಉರಿಸುವುದರಲ್ಲೇ ಎಲ್ಲ ಲಾಭನಷ್ಟ ಅಡಗಿದೆ.

ಗಾಳಿ ಸಿಗದ ಕಡೆ

ಒಂದು ಇಂಗಾಲದ ಪರಮಾಣು, ಅದರ ಸುತ್ತ ನಾಲ್ಕು ಜಲಜನಕ. ಮೀಥೇನ್ ಎಂದರೆ ಇಷ್ಟೇ. ಬಣ್ಣವಿಲ್ಲ, ವಾಸನೆಯಿಲ್ಲ. ಇಟಲಿಯ ಅಲೆಸಾಂಡ್ರೊ ವೋಲ್ಟಾ 1776ರಲ್ಲಿ ಮಜ್ಜೋರೆ ಸರೋವರದ ದಡದ ಕೆಸರನ್ನು ಕೋಲಿನಿಂದ ಕದಡಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಅದು ಉರಿಯುತ್ತದೆಂದು ತೋರಿಸಿದ. ಕೆಸರಿನಲ್ಲಿ ನಡೆಯುತ್ತಿದ್ದದ್ದೇನೆಂದು ಅವನ ಕಾಲಕ್ಕೆ ತಿಳಿದಿರಲಿಲ್ಲ.

ಎಲೆ, ಅನ್ನ, ಸಗಣಿ, ಸಿಪ್ಪೆ ಯಾವುದೇ ಆಗಲಿ, ಗಾಳಿಯಾಡುವ ಕಡೆ ಕೊಳೆತರೆ ಅದರ ಇಂಗಾಲ ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಿಗದಿದ್ದರೆ ಬೇರೆ ಬಗೆಯ ಜೀವಿಗಳು ಕೆಲಸಕ್ಕೆ ಇಳಿಯುತ್ತವೆ. ಮೊದಲ ಗುಂಪು ಪಿಷ್ಟ, ಪ್ರೋಟೀನ್, ಕೊಬ್ಬುಗಳನ್ನು ಸಣ್ಣ ಅಣುಗಳಾಗಿ ಒಡೆಯುತ್ತದೆ. ಎರಡನೆಯದು ಅವನ್ನು ಆಮ್ಲಗಳಾಗಿಸುತ್ತದೆ. ಮೂರನೆಯದು ಆ ಆಮ್ಲಗಳಿಂದ ಅಸಿಟಿಕ್ ಆಮ್ಲ, ಜಲಜನಕ ಮತ್ತು ಕಾರ್ಬನ್ ಡೈಆಕ್ಸೈಡ್ ತಯಾರಿಸುತ್ತದೆ. ಕೊನೆಯ ಗುಂಪು ಇವನ್ನು ತಿಂದು ಮೀಥೇನ್ ಬಿಡುತ್ತದೆ. ಈ ಕೊನೆಯವು ಬ್ಯಾಕ್ಟೀರಿಯಗಳೇ ಅಲ್ಲ. ಜೀವವೃಕ್ಷದಲ್ಲಿ ಅವುಗಳದ್ದೇ ಬೇರೆ ಕೊಂಬೆಯೆಂದು 1977ರಲ್ಲಿ ಕಾರ್ಲ್ ವೋಸ್ ತೋರಿಸಿಕೊಟ್ಟರು. ಆರ್ಕಿಯ ಎಂಬ ಆ ಕೊಂಬೆಗೆ ಸೇರಿದ, ಮೀಥೇನ್ ಮಾಡುವ ಈ ಜೀವಿಗಳು ಆಮ್ಲಜನಕ ತಾಗಿದರೆ ಬಾಳುವುದಿಲ್ಲ. ಜೌಗುನೆಲ, ನೀರು ನಿಂತ ಭತ್ತದ ಗದ್ದೆ, ಹಸುವಿನ ಮೊದಲ ಹೊಟ್ಟೆ, ಕಸದ ಬೆಟ್ಟದ ಒಡಲು, ಎಲ್ಲೆಲ್ಲಿ ಗಾಳಿ ಇಲ್ಲವೋ ಅಲ್ಲೆಲ್ಲ ಇವು ಇರುತ್ತವೆ.

ಗೊಬ್ಬರ ಗ್ಯಾಸಿನ ಗುಂಡಿಯನ್ನು ನಡೆಸುವವರಿಗೆ ಈ ಸರಪಳಿಯ ಒಂದು ಗುಣ ಗೊತ್ತಿರಲೇಬೇಕು. ಆಮ್ಲ ಮಾಡುವ ಜೀವಿಗಳು ಚುರುಕು, ಮೀಥೇನ್ ಮಾಡುವವು ನಿಧಾನ. ಒಮ್ಮೆಲೇ ಮದುವೆಮನೆಯ ಉಳಿಕೆ ಅನ್ನವನ್ನೆಲ್ಲ ಗುಂಡಿಗೆ ಸುರಿದರೆ ಆಮ್ಲ ಹೆಚ್ಚಾಗಿ, ಬೇಸಿಗೆಯಲ್ಲಿ ಹೊರಗಿಟ್ಟ ದೋಸೆಹಿಟ್ಟಿನಂತೆ ಒಳಗಿನ ಬಗ್ಗಡ ಹುಳಿಯಾಗುತ್ತದೆ. ಹುಳಿಯಲ್ಲಿ ಆರ್ಕಿಯಗಳು ಸುಮ್ಮನಾಗಿಬಿಡುತ್ತವೆ, ಗ್ಯಾಸ್ ನಿಲ್ಲುತ್ತದೆ. ಚಳಿಯೂ ಅವುಗಳಿಗೆ ಆಗದು. 35 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಚೆನ್ನಾಗಿ ಕೆಲಸ ಮಾಡುವ ಇವು 15 ಡಿಗ್ರಿಗಿಂತ ಕೆಳಗೆ ಬಹಳ ಮಂದವಾಗುತ್ತವೆ. ಚಳಿಗಾಲದಲ್ಲಿ ಒಲೆಯ ಉರಿ ಸಣ್ಣದಾಗುವುದಕ್ಕೆ ಕಾರಣ ಇದೇ. ಸಗಣಿಯಿಂದ ಗುಂಡಿ ಶುರುಮಾಡುವುದಕ್ಕೂ ಕಾರಣವಿದೆ: ಬೇಕಾದ ಜೀವಿಗಳೆಲ್ಲ ಹಸುವಿನ ಹೊಟ್ಟೆಯಿಂದಲೇ ಅದರ ಜೊತೆಗೆ ಬಂದಿರುತ್ತವೆ.

ಹೀಗೆ ಹುಟ್ಟುವ ಗ್ಯಾಸಿನಲ್ಲಿ ಶೇ 55ರಿಂದ 65ರಷ್ಟು ಮೀಥೇನ್. ಉಳಿದದ್ದು ಬಹುತೇಕ ಕಾರ್ಬನ್ ಡೈಆಕ್ಸೈಡ್, ಜೊತೆಗೆ ನೀರಾವಿ ಮತ್ತು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಸುಮಾರು 25 ಕೆಜಿ ಸಗಣಿಗೆ ಒಂದು ಘನ ಮೀಟರ್ ಗ್ಯಾಸ್ ಎಂಬುದು ರೂಢಿಯ ಲೆಕ್ಕ. ಅಷ್ಟು ಗ್ಯಾಸ್ ಹೆಚ್ಚುಕಡಿಮೆ 0.45 ಕೆಜಿ ಎಲ್‌ಪಿಜಿಗೆ ಸಮ. ನಾಲ್ಕೈದು ದನಗಳಿರುವ ಮನೆಯಲ್ಲಿ ದಿನಕ್ಕೆ ಎರಡು ಘನ ಮೀಟರ್ ಕೊಡುವ ಗುಂಡಿ ಚೆನ್ನಾಗಿ ನಡೆದರೆ, ಸುಮಾರು ಹದಿನಾರು ದಿನದಲ್ಲಿ ಒಂದು 14.2 ಕೆಜಿ ಸಿಲಿಂಡರಿನಷ್ಟು ಶಾಖ ಕೊಟ್ಟಿರುತ್ತದೆ. ಅದೇ ಸಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕಿದರೆ ಪಾತ್ರೆಗೆ ತಲುಪುವ ಶಾಖ ಇದಕ್ಕಿಂತ ಕಡಿಮೆ. ಗೊಬ್ಬರ ಬೂದಿಯಾಗಿ ಹೋಗುತ್ತದೆ, ಹೊಗೆ ಅಡುಗೆ ಮಾಡುವವರ ಎದೆ ಸೇರುತ್ತದೆ. ಗ್ಯಾಸ್ ತೆಗೆದ ಮೇಲೆ ಉಳಿಯುವ ಸ್ಲರಿಯಲ್ಲಾದರೋ ಸಾರಜನಕ, ರಂಜಕಗಳೆಲ್ಲ ಉಳಿದೇ ಇರುತ್ತವೆ. ಮೀಥೇನಿಗೆ ಬೇಕಾದದ್ದು ಇಂಗಾಲ ಮತ್ತು ಜಲಜನಕ ಮಾತ್ರ.

ಡ್ರಮ್ಮಿನಿಂದ ಗುಮ್ಮಟಕ್ಕೆ

ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ 1890ರ ದಶಕದಲ್ಲಿ ಮಲದ ತೊಟ್ಟಿಯ ಗ್ಯಾಸಿನಿಂದ ಬೀದಿದೀಪ ಉರಿಸಿದ್ದರು. ಅದೇ ದಶಕದಲ್ಲಿ, 1897ರಲ್ಲಿ, ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲೂ ಅಂಥ ಏರ್ಪಾಡು ಬಂತು. ಸಗಣಿಯ ಮೇಲೆ ಕ್ರಮಬದ್ಧ ಪ್ರಯೋಗ ನಡೆದದ್ದು 1939ರ ಸುಮಾರಿಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ, ಎಸ್.ವಿ. ದೇಸಾಯಿ ಅವರಿಂದ. 1950ರ ದಶಕದಲ್ಲಿ ಜಶಭಾಯಿ ಪಟೇಲ್ ತೇಲುವ ಡ್ರಮ್ಮಿನ ವಿನ್ಯಾಸ ರೂಪಿಸಿದರು. ಗ್ಯಾಸ್ ತುಂಬಿದಂತೆ ಕಬ್ಬಿಣದ ಡ್ರಮ್ ಮೇಲೇಳುತ್ತದೆ, ಬಳಸಿದಂತೆ ಇಳಿಯುತ್ತದೆ. ಎಷ್ಟು ಗ್ಯಾಸ್ ಇದೆಯೆಂದು ಅಡುಗೆಮನೆಯ ಕಿಟಕಿಯಿಂದಲೇ ತಿಳಿಯುತ್ತಿತ್ತು. 1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಇದನ್ನು ದೇಶದುದ್ದಕ್ಕೂ ಹರಡಿತು. ಆದರೆ ಡ್ರಮ್ಮಿಗೆ ಖರ್ಚು ಹೆಚ್ಚು, ಮಳೆ ಬೀಳುವ ಊರುಗಳಲ್ಲಿ ತುಕ್ಕಿನ ಕಾಟ. ಹಾಗಾಗಿ 1984ರಲ್ಲಿ ಬಂದ ‘ದೀನಬಂಧು’ ಮಾದರಿ ಕಬ್ಬಿಣವನ್ನೇ ಬಿಟ್ಟು, ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟುವ ದಾರಿ ಹಿಡಿಯಿತು. ಇಂದಿಗೆ ದೇಶದಲ್ಲಿ ಕಟ್ಟಲಾಗಿರುವ ಮನೆ ಮಟ್ಟದ ಘಟಕಗಳ ಸಂಖ್ಯೆ ಸುಮಾರು 50 ಲಕ್ಷ.

ಕಟ್ಟಿದ್ದೆಲ್ಲ ಉಳಿಯಲಿಲ್ಲ. ಗುಮ್ಮಟದ ಒಳಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಗ್ಯಾಸ್ ನಿಲ್ಲದು. ಅದಕ್ಕೆ ನುರಿತ ಗಾರೆಯವರೇ ಬೇಕು. ಸಬ್ಸಿಡಿ ಸಿಕ್ಕಿತೆಂದು ಕಟ್ಟಿಸಿ, ದನ ಮಾರಿದ ಮೇಲೆ ಪಾಳುಬಿಟ್ಟ ಗುಂಡಿಗಳು ಎಷ್ಟೋ ಊರುಗಳಲ್ಲಿವೆ. ಇದರ ನಡುವೆ ಉತ್ತರ ಕನ್ನಡದ ಶಿರಸಿ ಬೇರೆಯಾಗಿ ಕಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನದು ಯಶಸ್ಸಿನ ಕತೆ ಎಂದೇ ದಾಖಲಾಗಿದೆ. ಅಲ್ಲಿ ಕೊಟ್ಟಿಗೆ ತುಂಬ ದನಗಳಿದ್ದವು. ಅಡಿಕೆ ತೋಟಕ್ಕೆ ಗೊಬ್ಬರ ಬೇಕಿತ್ತು, ಹಾಗಾಗಿ ಸ್ಲರಿ ಹೊರೆಯಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಘಟಕ ಕಟ್ಟಿಕೊಟ್ಟವರೇ ಆಮೇಲೂ ಬಂದು ರಿಪೇರಿ ಮಾಡುತ್ತಿದ್ದರು. ತಂತ್ರ ಎಲ್ಲ ಊರುಗಳಲ್ಲೂ ಒಂದೇ ಆಗಿತ್ತು. ನಂತರದ ನಿಗಾ ಮಾತ್ರ ಬೇರೆ ಬೇರೆ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿ ಮತ್ತೊಂದು ಪಾಠ ಕಲಿಸಿತು. ಪ್ರೊ. ಅಮೂಲ್ಯ ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಬಳಗ ಅಲ್ಲಿ ಇಡೀ ಊರಿಗೆ ಒಂದು ಸಮುದಾಯ ಘಟಕ ಮಾಡಿತು. ಎಲ್ಲರ ಮನೆಯ ಅಡುಗೆಗೂ ಗ್ಯಾಸ್ ಕೊಡಬೇಕೆಂಬುದು ಮೂಲ ಯೋಜನೆ. ಊರಿನಲ್ಲಿ ಸಿಗುವ ಸಗಣಿ ಅದಕ್ಕೆ ಸಾಲಲಿಲ್ಲ. ಜನರನ್ನು ಕೇಳಿದಾಗ ಹೆಚ್ಚು ಬೇಕಾಗಿದ್ದದ್ದು ಕುಡಿಯುವ ನೀರು ಮತ್ತು ಬೆಳಕು ಎಂದು ತಿಳಿಯಿತು. 1987ರಿಂದ ಆ ಗ್ಯಾಸಿನಿಂದ, ಅಲ್ಪ ಡೀಸೆಲ್ ಬೆರೆಸಿ, ಎಂಜಿನ್ ಓಡಿಸಿ ಕೊಳವೆಬಾವಿಯ ಪಂಪಿಗೂ ಮನೆಗಳ ದೀಪಕ್ಕೂ ವಿದ್ಯುತ್ ಕೊಟ್ಟರು. ಸಗಣಿ ತಂದುಕೊಟ್ಟ ಮನೆಗಳಿಗೆ ತೂಕದ ಲೆಕ್ಕದಲ್ಲಿ ಹಣ ಸಿಗುತ್ತಿತ್ತು, ಸ್ಲರಿಯೂ ಅವರಿಗೇ ಮರಳುತ್ತಿತ್ತು. ಹತ್ತಿರ ಹತ್ತು ವರ್ಷ ನಡೆದ ಈ ವ್ಯವಸ್ಥೆ ತೋರಿಸಿದ್ದು ಇಷ್ಟು: ಗ್ಯಾಸ್ ಎಷ್ಟು ಸಿಗುತ್ತದೆಂಬುದನ್ನು ಮೊದಲು ಅಳೆಯಬೇಕು, ಅದಕ್ಕೆ ತಕ್ಕ ಬಳಕೆಯನ್ನು ಆಮೇಲೆ ಹುಡುಕಬೇಕು.

ಕಸದ ಬೆಟ್ಟದಿಂದ ಬಸ್ಸಿಗೆ

ಸಗಣಿಯ ನಂತರ ದೊಡ್ಡ ಮೂಲ ಊರಿನ ಕಸ. ಮನುಷ್ಯರ ಚಟುವಟಿಕೆಯಿಂದ ಜಗತ್ತಿನಲ್ಲಿ ಹೊರಬೀಳುವ ಮೀಥೇನಿನಲ್ಲಿ ಸುಮಾರು ಐದನೇ ಒಂದು ಪಾಲು ಕಸ ಮತ್ತು ಚರಂಡಿ ನೀರಿನದ್ದು. ನಮ್ಮ ನಗರಗಳ ಕಸದಲ್ಲಿ ಅರ್ಧದಷ್ಟು ಹಸಿ ಕಸವೇ. ಅದು ಪ್ಲಾಸ್ಟಿಕ್, ಮಣ್ಣು, ಗಾಜಿನೊಡನೆ ಬೆರೆತು ಬೆಟ್ಟದಂತೆ ಬಿದ್ದಾಗ ಒಳಗಿನ ಗಾಳಿ ಬೇಗ ಮುಗಿಯುತ್ತದೆ. ಕೆಲವು ತಿಂಗಳಲ್ಲೇ ಮೀಥೇನ್ ಹುಟ್ಟಲು ಶುರುವಾಗಿ ದಶಕಗಳ ಕಾಲ ನಡೆಯುತ್ತದೆ. ಬೇಸಿಗೆಯಲ್ಲಿ ದೆಹಲಿಯ ಘಾಜಿಪುರ, ಭಲ್ಸ್ವಾದ ಕಸದ ಬೆಟ್ಟಗಳಿಗೆ ಬೆಂಕಿ ಹತ್ತಿದಾಗ ಅದನ್ನು ಉರಿಸುವುದರಲ್ಲಿ ಈ ಅನಿಲದ ಪಾಲೂ ಇರುತ್ತದೆ. ಬೆಂಗಳೂರಿನ ಕಸ ಸುರಿಸಿಕೊಂಡ ಮಂಡೂರು, ಮಾವಳ್ಳಿಪುರದ ಜನ ವರ್ಷಗಟ್ಟಲೆ ಹೋರಾಡಿದ್ದು ವಾಸನೆ ಮತ್ತು ಕೆಟ್ಟ ನೀರಿನ ವಿರುದ್ಧ. ಕಣ್ಣಿಗೆ ಕಾಣದ ಮೀಥೇನಂತೂ ಜೊತೆಗೇ ಹೊರಡುತ್ತಿತ್ತು.

ಬಿದ್ದ ಬೆಟ್ಟದಿಂದಲೇ ಗ್ಯಾಸ್ ತೆಗೆಯುವ ಒಂದು ದಾರಿಯಿದೆ. ಮೇಲೆ ಮಣ್ಣು ಮುಚ್ಚಿ, ಒಳಗೆ ತೂತಿನ ಕೊಳವೆಗಳನ್ನಿಳಿಸಿ, ಬ್ಲೋವರಿನಿಂದ ಎಳೆಯುವುದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1970ರ ದಶಕದಿಂದಲೂ ಇದು ನಡೆದಿದೆ. ಅಲ್ಲಿನ ಪುಯೆಂಟೆ ಹಿಲ್ಸ್ ಎಂಬ ಕಸದ ಬೆಟ್ಟ ಒಂದು ಕಾಲಕ್ಕೆ ಸುಮಾರು 50 ಮೆಗಾವಾಟ್ ವಿದ್ಯುತ್ ಕೊಟ್ಟಿತು. ಆದರೆ ಕಸ ಬಿದ್ದ ದಿನದಿಂದ ಕೊಳವೆ ಇಳಿಯುವ ದಿನದವರೆಗಿನ ಗ್ಯಾಸ್ ಗಾಳಿಗೇ ಹೋಗುತ್ತದೆ. ಆಮೇಲೂ ಒಂದಷ್ಟು ಪಾಲು ತಪ್ಪಿಸಿಕೊಳ್ಳುತ್ತದೆ. ಹಸಿ ಕಸ ಬೆಟ್ಟಕ್ಕೆ ಹೋಗದಂತೆ ತಡೆದು, ಮುಚ್ಚಿದ ಡೈಜೆಸ್ಟರಿನಲ್ಲಿ ಕೊಳೆಯಿಸುವುದೇ ಮೇಲು.

ಇಂದೋರಿನಲ್ಲಿ 2022ರ ಫೆಬ್ರುವರಿ 19ರಂದು ಉದ್ಘಾಟನೆಯಾದ ಘಟಕದ ಸಾಮರ್ಥ್ಯ ದಿನಕ್ಕೆ 550 ಟನ್ ಹಸಿ ಕಸ. ಅದರಿಂದ ಸುಮಾರು 17 ಟನ್ ಸಿಎನ್‌ಜಿ, 100 ಟನ್ ಗೊಬ್ಬರ ಬರಬೇಕೆಂಬ ಲೆಕ್ಕ. ನೂರು ಕೆಜಿ ಕಸಕ್ಕೆ ಮೂರು ಕೆಜಿ ಇಂಧನ. ಊರಿನ ಬಸ್ಸುಗಳಿಗೆ ಇದನ್ನು ಕೊಡುತ್ತಾರೆ. ಈ ಘಟಕಕ್ಕಿಂತ ಮೊದಲು ಇಂದೋರ್ ಮಾಡಿದ ಕೆಲಸವನ್ನು ಗಮನಿಸಬೇಕು: ಮನೆಮನೆಯಲ್ಲಿ ಹಸಿ, ಒಣ ಕಸ ಬೇರೆ ಮಾಡಿಸುವುದನ್ನು ವರ್ಷಗಳ ಕಾಲ ರೂಢಿಸಿತು. ಬೆರಕೆ ಕಸ ಬಂದರೆ ಡೈಜೆಸ್ಟರಿನ ತಳದಲ್ಲಿ ಮರಳು, ಗಾಜು ಕೂತುಬಿಡುತ್ತವೆ. ಪ್ಲಾಸ್ಟಿಕ್ ಕೊಳವೆ ಕಟ್ಟುತ್ತದೆ. ಬೆಂಗಳೂರಿನಲ್ಲಿ ವಾರ್ಡ್ ಮಟ್ಟದಲ್ಲಿ ಕಟ್ಟಿದ ಹಲವು ಸಣ್ಣ ಘಟಕಗಳು ಕೆಲಸ ನಿಲ್ಲಿಸಿದ್ದವು. ಅಂಥ ಘಟಕ ನಡೆಯಬೇಕಾದರೆ ದಿನವೂ ಶುದ್ಧ ಹಸಿ ಕಸ ಬರಬೇಕು, ಗ್ಯಾಸನ್ನು ದಿನವೂ ಕೊಳ್ಳುವವರಿರಬೇಕು. ಸ್ವೀಡನ್ನಿನ ಲಿನ್‌ಶಾಪಿಂಗ್ ನಗರ ಕಸಾಯಿಖಾನೆಯ ತ್ಯಾಜ್ಯದಿಂದ ಗ್ಯಾಸ್ ತೆಗೆದು 2002ರ ಹೊತ್ತಿಗೆ ತನ್ನ ನಗರ ಬಸ್ಸುಗಳನ್ನೆಲ್ಲ ಅದರಲ್ಲೇ ಓಡಿಸಿತು. ಕಚ್ಚಾವಸ್ತು, ಕೊಳ್ಳುವವರು ಎರಡೂ ಅಲ್ಲಿ ಗೊತ್ತಿದ್ದವು.

ಡೈಜೆಸ್ಟರಿನ ಗ್ಯಾಸನ್ನು ನೇರವಾಗಿ ಬಸ್ಸಿಗೆ ತುಂಬಲಾಗದು. ಹೈಡ್ರೋಜನ್ ಸಲ್ಫೈಡ್ ಎಂಜಿನ್ನನ್ನು ತಿಂದುಹಾಕುತ್ತದೆ. ಕಬ್ಬಿಣದ ಆಕ್ಸೈಡ್ ಮೂಲಕ ಹಾಯಿಸಿ ಅದನ್ನು ತೆಗೆಯುತ್ತಾರೆ. ಕಾರ್ಬನ್ ಡೈಆಕ್ಸೈಡ್ ತೆಗೆಯಲು ಒತ್ತಡದ ನೀರಿನಲ್ಲಿ ತೊಳೆಯುವುದು ಸರಳ ವಿಧಾನ, ಏಕೆಂದರೆ ಮೀಥೇನಿಗಿಂತ ಅದು ನೀರಿನಲ್ಲಿ ಬಹಳ ಹೆಚ್ಚು ಕರಗುತ್ತದೆ. ಭಾರತೀಯ ಮಾನಕದ ಪ್ರಕಾರ ಕೊನೆಗೆ ಕನಿಷ್ಠ ಶೇ 90 ಮೀಥೇನ್ ಇರಬೇಕು. ಆಮೇಲೆ 200 ಬಾರ್‌ಗೂ ಮೀರಿದ ಒತ್ತಡದಲ್ಲಿ ಅದುಮಿ ಸಿಲಿಂಡರಿಗೆ ತುಂಬಿದರೆ ‘ಸಿಬಿಜಿ’ (ಅದುಮಿದ ಜೈವಿಕ ಅನಿಲ) ಸಿದ್ಧ. ಎಂಜಿನ್ನಿಗೆ ಅದು ಸಿಎನ್‌ಜಿಯೇ.

ಕರ್ನಾಟಕಕ್ಕೆ ಇಲ್ಲೊಂದು ಅನುಕೂಲವಿದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಸಕ್ಕರೆ ಕಾರ್ಖಾನೆಗಳಲ್ಲಿ ಅರೆದ ಕಬ್ಬಿನ ಶೇ 3–4ರಷ್ಟು ಪ್ರೆಸ್ ಮಡ್ (ರಸ ಸೋಸಿದಾಗ ಸಿಗುವ ಮಡ್ಡಿ) ಆಗಿ ಉಳಿಯುತ್ತದೆ. ಅದು ಒಂದೇ ಕಡೆ ರಾಶಿಯಾಗಿ ಸಿಗುವ, ಬೆರಕೆಯಿಲ್ಲದ ವಸ್ತು. ಡಿಸ್ಟಿಲರಿಗಳಲ್ಲಿ ಬಟ್ಟಿ ಇಳಿಸಿದ ಮೇಲೆ ಉಳಿಯುವ ಸ್ಪೆಂಟ್‌ವಾಶ್‌ನಿಂದ ಗ್ಯಾಸ್ ತೆಗೆದು ಬಾಯ್ಲರಿಗೆ ಕೊಡುವುದು ದಶಕಗಳಿಂದ ನಡೆದಿದೆ. ಕಚ್ಚಾವಸ್ತು ತಾನಾಗಿ ಒಂದೆಡೆ ಸೇರುವ ಇಂಥ ಜಾಗಗಳಲ್ಲಿ ಸಿಬಿಜಿ ಗೆಲ್ಲುವ ಸಾಧ್ಯತೆ ಹೆಚ್ಚು.

ಸೋರಿಕೆಯ ಲೆಕ್ಕ

ಇನ್ನು ಹವಾಮಾನದ ಮಾತು. ಮೀಥೇನ್ ವಾತಾವರಣದಲ್ಲಿ ಸುಮಾರು ಹನ್ನೆರಡು ವರ್ಷ ಉಳಿಯುತ್ತದೆ. ಇರುವಷ್ಟು ಕಾಲ ಬಹಳ ಜೋರಾಗಿ ತಾಪ ಹಿಡಿದಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಸುಮಾರು 28 ಕೆಜಿ ಕಾರ್ಬನ್ ಡೈಆಕ್ಸೈಡಿಗೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಕೆಜಿಗೆ ಸಮ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ನೂರು ಕೋಟಿ ಅಣುಗಳಲ್ಲಿ ಏಳುನೂರು ಚಿಲ್ಲರೆ ಇದ್ದ ಮೀಥೇನ್ ಈಗ 1,900 ದಾಟಿದೆ. ಈವರೆಗಿನ ಭೂತಾಪದಲ್ಲಿ ಸುಮಾರು ಅರ್ಧ ಡಿಗ್ರಿ ಇದರಿಂದಲೇ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಅಂದಾಜು. ಸುಟ್ಟರೆ ಒಂದು ಕೆಜಿ ಮೀಥೇನಿಗೆ 2.75 ಕೆಜಿ ಕಾರ್ಬನ್ ಡೈಆಕ್ಸೈಡ್ ಮಾತ್ರ ಬರುತ್ತದೆ. ಸಗಣಿ, ಹಸಿ ಕಸದ ಮೀಥೇನಾದರೆ ಅದರ ಇಂಗಾಲವೂ ಗಿಡಗಳು ಇತ್ತೀಚೆಗಷ್ಟೇ ಗಾಳಿಯಿಂದ ಹೀರಿದ್ದು.

ಇದರಿಂದ ಒಂದು ಸರಳ ಲೆಕ್ಕ ಮಾಡಬಹುದು. ಒಂದು ಘಟಕ ನೂರು ಕೆಜಿ ಮೀಥೇನ್ ಹುಟ್ಟಿಸಿತು ಎನ್ನಿ. ಅದನ್ನು ಎಲ್‌ಪಿಜಿ ಬದಲಿಗೆ ಉರಿಸಿದರೆ ಪ್ರತಿ ಕೆಜಿಗೆ ಸುಮಾರು ಮೂರೂಕಾಲು ಕೆಜಿ ಕಾರ್ಬನ್ ಡೈಆಕ್ಸೈಡ್ ಉಳಿತಾಯ. ಅದರಲ್ಲಿ ಹತ್ತು ಕೆಜಿ ಸೋರಿತು ಎಂದಿಟ್ಟುಕೊಳ್ಳಿ. ಉರಿದ ತೊಂಬತ್ತು ಕೆಜಿಯಿಂದ ಉಳಿದದ್ದು ಸುಮಾರು 290 ಕೆಜಿ. ಸೋರಿದ ಹತ್ತರ ಹಾನಿ 280 ಕೆಜಿ. ಲಾಭ ಅಲ್ಲಿಗೆ ಹೋಯಿತು. ಇಪ್ಪತ್ತು ವರ್ಷದ ಅಳತೆ ಹಿಡಿದರೆ ನಾಲ್ಕು ಕೆಜಿ ಸೋರಿದರೂ ಅದೇ ಕತೆ. ಆ ಕಸ ಹೇಗೂ ಬೆಟ್ಟ ಸೇರಿ ಮೀಥೇನ್ ಬಿಡುವಂಥದ್ದಾಗಿದ್ದರೆ, ಸ್ವಲ್ಪ ಸೋರಿದರೂ ಒಟ್ಟಿನಲ್ಲಿ ಲಾಭವೇ. ಆದರೆ ಬಯಲಲ್ಲಿ ಒಣಗಿ ಹೋಗುವ ಸಗಣಿ ಹೆಚ್ಚು ಮೀಥೇನ್ ಬಿಡುವುದಿಲ್ಲ. ಅದನ್ನು ಗುಂಡಿಗೆ ಹಾಕಿದಾಗ ಇಲ್ಲದ ಮೀಥೇನನ್ನು ನಾವೇ ಹುಟ್ಟಿಸುತ್ತೇವೆ. ಆಗ ಅದರ ಪೂರ್ತಿ ಹೊಣೆಯೂ ನಮ್ಮದೇ.

ಸೋರಿಕೆ ಎಂದರೆ ಕೊಳವೆಯ ಬಿರುಕು ಮಾತ್ರ ಅಲ್ಲ. ಗುಮ್ಮಟದ ಘಟಕದಲ್ಲಿ ಗ್ಯಾಸ್ ಬಳಸದೆ ಬಿಟ್ಟರೆ ಒತ್ತಡ ಹೆಚ್ಚಿ, ಸ್ಲರಿ ಹೊರಹೋಗುವ ದಾರಿಯಿಂದ ಗುಳ್ಳೆಗಳಾಗಿ ಅದು ಹೊರಬೀಳುತ್ತದೆ. ಪೂರ್ತಿ ಕೊಳೆಯದ ಸ್ಲರಿಯನ್ನು ತೆರೆದ ಹೊಂಡದಲ್ಲಿ ನಿಲ್ಲಿಸಿದರೆ ಅಲ್ಲೂ ಮೀಥೇನ್ ಹುಟ್ಟುತ್ತಲೇ ಇರುತ್ತದೆ. ಆದ್ದರಿಂದ ಅಗತ್ಯಕ್ಕಿಂತ ದೊಡ್ಡ ಘಟಕ ಕಟ್ಟುವುದು ತಪ್ಪು. ದೊಡ್ಡ ಘಟಕಗಳಲ್ಲಿ ಹೆಚ್ಚಾದ ಗ್ಯಾಸನ್ನು ಸುಟ್ಟುಬಿಡುವ ಬರ್ನರ್ ಇಲ್ಲದಿರುವುದೂ ತಪ್ಪು.

ಈ ಇಂಧನಕ್ಕೆ ಮಿತಿಗಳೂ ಇವೆ. ಭಾರತದ ಮೀಥೇನಿನಲ್ಲಿ ದೊಡ್ಡ ಪಾಲು ದನಗಳ ತೇಗು ಮತ್ತು ಭತ್ತದ ಗದ್ದೆಯದು. ಅದನ್ನು ಯಾವ ಗುಂಡಿಯೂ ಹಿಡಿಯಲಾರದು. 2018ರಲ್ಲಿ ಕೇಂದ್ರ ಸರ್ಕಾರ ‘ಸತತ್’ ಯೋಜನೆಯಡಿ 5,000 ಸಿಬಿಜಿ ಘಟಕಗಳು, ವರ್ಷಕ್ಕೆ 1.5 ಕೋಟಿ ಟನ್ ಉತ್ಪಾದನೆ, 2023ರ ಗಡುವು ಎಂದು ಗುರಿ ಇಟ್ಟಿತು. ಗಡುವು ಬಂದಾಗ ಅದರ ಸನಿಹಕ್ಕೂ ತಲುಪಿರಲಿಲ್ಲ. ಬಳಿಕ ನಗರ ಅನಿಲ ಕಂಪನಿಗಳು 2025–26ರಿಂದ ಶೇ 1ರಷ್ಟು, 2028–29ರಿಂದ ಶೇ 5ರಷ್ಟು ಸಿಬಿಜಿ ಬೆರೆಸಬೇಕೆಂಬ ನಿಯಮ ಬಂತು. ಕೊಳ್ಳುವವರು ಖಾತ್ರಿಯಾಗುವುದರಿಂದ ಇದು ಸರಿಯಾದ ಹೆಜ್ಜೆ. ಆದರೆ ಶೇ 5 ಎಂಬ ಅಂಕಿಯೇ ಈ ಇಂಧನ ಎಷ್ಟರ ಮಟ್ಟಿನದು ಎಂಬುದನ್ನೂ ಹೇಳುತ್ತದೆ.

ಹಾಗಾಗಿ ಕಸದ ಮೀಥೇನನ್ನು ದೇಶದ ಇಂಧನ ಸಮಸ್ಯೆಗೆ ಮದ್ದು ಎಂದು ನೋಡುವುದಕ್ಕಿಂತ, ಕಸವನ್ನು ಸರಿಯಾಗಿ ವಿಲೇವಾರಿ ಮಾಡುವಾಗ ಸಿಗುವ ಪ್ರತಿಫಲ ಎಂದು ನೋಡುವುದು ಸರಿ. ಪ್ರತಿ ಘಟಕವನ್ನೂ ಅದು ಹುಟ್ಟಿಸುವ ಗ್ಯಾಸಿನಿಂದ ಅಳೆಯದೆ, ಉರಿಸಿದ ಗ್ಯಾಸಿನಿಂದ ಅಳೆಯಬೇಕು. ಅನುದಾನ ಕೊಡುವ ಸರ್ಕಾರ ಕಟ್ಟಡಕ್ಕೆ ಕೊಡುವ ಹಣದ ಒಂದು ಪಾಲನ್ನು ಐದು ವರ್ಷದ ದುರಸ್ತಿಗೂ ಸೋರಿಕೆಯ ತಪಾಸಣೆಗೂ ಎತ್ತಿಡಬೇಕು. ನಗರದಲ್ಲಿರುವ ನಾವು ಮಾಡಬೇಕಾದ ಕೆಲಸ ಇನ್ನೂ ಸಣ್ಣದು: ತರಕಾರಿ ಸಿಪ್ಪೆಯ ಬುಟ್ಟಿಗೆ ಹಾಲಿನ ಪ್ಯಾಕೆಟ್ ಬೀಳದಂತೆ ನೋಡಿಕೊಳ್ಳುವುದು.